ಇವತ್ತು ಎಷ್ಟನೇ ದಿವಸ?

ನಮ್ಮ ಮನೆಯಲ್ಲಿ ತಾರೀಖು ಕೇಳಿದರೆ ಯಾರೂ ಥಟ್ಟನೆ ಹೇಳುವುದಿಲ್ಲ. ಗೋಡೆಯ ಕ್ಯಾಲೆಂಡರ್ ನೋಡಬೇಕು, ಇಲ್ಲವೇ ಜೇಬಿನಿಂದ ಫೋನು ತೆಗೆಯಬೇಕು. ಆದರೆ ಅಕ್ಟೋಬರ್ ಬಂತೆಂದರೆ ಯಾರನ್ನಾದರೂ ನಿದ್ದೆಯಿಂದ ಎಬ್ಬಿಸಿ "ಎಷ್ಟನೇ ದಿವಸ?" ಎಂದು ಕೇಳಿ, ಕಣ್ಣು ಮುಚ್ಚಿಕೊಂಡೇ ಉತ್ತರ ಕೊಡುತ್ತಾರೆ.

ನಮ್ಮದು ದ್ರಾಕ್ಷಿ ಬೆಳೆಯುವ ಮನೆ. ಅಥಣಿಗೂ ಕಾಗವಾಡಕ್ಕೂ ನಡುವಿನ ಒಂದು ಹಳ್ಳಿಯಲ್ಲಿ ಎರಡು ತೋಟಗಳಿವೆ. ಬಾವಿಯ ಕಡೆಗಿರುವುದು ಬಾವಿ ಪ್ಲಾಟು, ರಸ್ತೆಗೆ ಹತ್ತಿದ್ದು ದಾರಿ ಪ್ಲಾಟು. ಮಳೆ ಹಿಂದೆ ಸರಿದ ಮೇಲೆ ಬಳ್ಳಿಯ ಕಡ್ಡಿಗಳನ್ನು ಕತ್ತರಿಸುವುದಕ್ಕೆ ಈ ಕಡೆ ಛಾಟ್ನಿ ಅನ್ನುತ್ತಾರೆ. ಎಪ್ರಿಲ್‌ನಲ್ಲೂ ಒಂದು ಛಾಟ್ನಿ ಇದೆ, ಆದರೆ ಹಣ್ಣು ಕೊಡುವುದು ಅಕ್ಟೋಬರಿನದು, ಎಲ್ಲರ ಉಸಿರು ಬಿಗಿಯುವುದೂ ಆಗಲೇ. ಛಾಟ್ನಿಯಾದ ದಿನದಿಂದ ಲೆಕ್ಕ ಶುರುವಾಗುತ್ತದೆ. ಇಷ್ಟನೇ ದಿವಸ ಹೆಚ್ಚಿನ ಚಿಗುರು ತೆಗೆಯಬೇಕು, ಇಷ್ಟನೇ ದಿವಸ ಹೂವು, ಇಷ್ಟನೇ ದಿವಸ ಒಂದೊಂದೇ ಗೊನೆಯನ್ನು ಔಷಧದಲ್ಲಿ ಅದ್ದಬೇಕು. ನೂರಾಮೂವತ್ತನೇ ದಿವಸದ ಹೊತ್ತಿಗೆ ಕೊಯ್ಲು. ಒಮ್ಮೆ ನೆಂಟರೊಬ್ಬರು ಮಗಳ ಮದುವೆಯನ್ನು ನವೆಂಬರ್ ಕೊನೆಯ ವಾರ ಇಟ್ಟಿದ್ದೇವೆ ಎಂದು ಹೇಳಲು ಬಂದಾಗ, ನಮ್ಮ ಯಜಮಾನರು ಚಹದ ಬಟ್ಟಲು ಕೆಳಗಿಟ್ಟು, "ಅದ್ಹೆಂಗ ಬರಾಕ ಆಕ್ಕೈತ್ರಿ, ಅವತ್ತ ನಮಗ ಐವತ್ತೆರಡನೇ ದಿವ್ಸ ಐತಿ" ಅಂದರು. ಬಂದವರೂ ದ್ರಾಕ್ಷಿಯವರೇ, ಹಾಗಾಗಿ ಸಿಟ್ಟಾಗಲಿಲ್ಲ.

ನಾನು ಅಥಣಿಯ ಒಂದು ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತೇನೆ. ತವರು ಚಿಕ್ಕೋಡಿಯಾಚೆಯ ಕರೋಶಿ. ಅಲ್ಲಿ ಕಬ್ಬು ಇದೆ, ಕಬ್ಬಿಗೆ ಯಾರೂ ದಿವಸ ಎಣಿಸುವುದಿಲ್ಲ, ತಿಂಗಳು ಎಣಿಸಿದರೆ ಸಾಕು. ಸೊಸೆಯಾಗಿ ಬಂದ ಹೊಸದರಲ್ಲಿ ಈ ಮನೆಯವರ ಲೆಕ್ಕ ನನಗೆ ಹುಚ್ಚಾಟ ಅನಿಸಿತ್ತು. ಎರಡು ಹಂಗಾಮು ಕಳೆಯುವಷ್ಟರಲ್ಲಿ ನನಗೇ ಅದರ ರುಚಿ ಹತ್ತಿತು. ತೋಟದ್ದಷ್ಟೇ ಅಲ್ಲ, ಮನೆಯ ಎಲ್ಲ ಕೆಲಸಕ್ಕೂ ಅದನ್ನೇ ಹಚ್ಚಿದೆ. ಒಂದು ಇನ್ನೂರು ಪುಟದ ನೋಟುಬುಕ್ಕು ತೆಗೆದು, ಒಂದು ಕೆಲಸಕ್ಕೆ ಒಂದು ಪುಟ ಕೊಟ್ಟೆ. ಕೊನೆಯ ಸಲ ಮಾಡಿದ್ದು ಯಾವಾಗ ಎಂದು ಮೇಲೆ ಬರೆಯುವುದು, ಅಲ್ಲಿಂದ ಎಣಿಸುವುದು, ಅಷ್ಟೇ. ಗ್ಯಾಸ್ ಸಿಲಿಂಡರಿಗೆ ಮೂವತ್ತೆಂಟು ದಿವಸ. ನೀರಿನ ಟಾಕಿ ತೊಳೆಯುವುದಕ್ಕೆ ಅರವತ್ತು. ಯಜಮಾನರ ಸಕ್ಕರೆ ತಪಾಸಣೆಗೆ ತೊಂಬತ್ತು, ಅದೂ ಅವರು ಸುಳ್ಳು ಹೇಳಿ ಮುಂದೆ ಹಾಕದಿದ್ದರೆ.

ಈ ಪದ್ಧತಿಯ ಬಗ್ಗೆ ನನಗೆ ಸ್ವಲ್ಪ ಸೊಕ್ಕೂ ಇತ್ತು ಅನ್ನಿ. ಕೆಲಸಕ್ಕೆ ತಾರೀಖು ಗೊತ್ತುಮಾಡಿದರೆ, ಆ ತಾರೀಖು ದಾಟಿದ ಕೂಡಲೇ ನಾವು ಆ ಕೆಲಸವನ್ನೇ ಮರೆತುಬಿಡುತ್ತೇವೆ. ವಯಸ್ಸು ಎಣಿಸಿದರೆ ಹಾಗಾಗುವುದಿಲ್ಲ. ನಾವು ಬಿಟ್ಟಷ್ಟೂ ಅದು ಬೆಳೆಯುತ್ತಲೇ ಇರುತ್ತದೆ, ತೊಳೆಯದ ಟಾಕಿ ಎಂಬತ್ತು ದಿವಸದ್ದಾಗಿ ನಮ್ಮನ್ನೇ ದಿಟ್ಟಿಸಿ ನೋಡುತ್ತದೆ. ಸ್ಟಾಫ್ ರೂಮಿನಲ್ಲಿ ಇದನ್ನು ಎಷ್ಟು ಸಲ ಹೇಳಿದ್ದೆನೆಂದರೆ, ನಾನು ನೋಟುಬುಕ್ಕು ತೆಗೆದರೆ ಸಾಕು ಇಬ್ಬರು ಎದ್ದು ಹೊರಗೆ ಹೋಗುತ್ತಿದ್ದರು.

ಹೋಗದೆ ಕೂತಿದ್ದವರು ನಿಪ್ಪಾಣಿ ಕಡೆಯ ವಿಜ್ಞಾನದ ಮೇಷ್ಟ್ರು. ಎರಡು ವರ್ಷದ ಹಿಂದೆ, ಸಪ್ಟೆಂಬರಿನಲ್ಲಿ, ಅವರು ನನ್ನ ಫೋನಿಗೆ ಒಂದು ಆ್ಯಪ್ ಹಾಕಿಕೊಟ್ಟರು. "ಮಾಡಬೇಕಾದ ಕೆಲಸ ಎಲ್ಲಾ ಇದರಾಗ ತುಂಬ್ರಿ ಬಾಯಾರ, ಅದ ನೆನಪ ಮಾಡ್ತೈತಿ" ಅಂದರು. ದೊಡ್ಡ ದೊಡ್ಡ ಕಂಪನಿಗಳಲ್ಲಿ ಕೆಲಸ ಹಂಚಲು ಇಂಥದ್ದನ್ನೇ ಬಳಸುತ್ತಾರಂತೆ. ನಾನು ಮೊದಲು "ಛಾಟ್ನಿ" ಎಂದು ಬರೆದೆ. ಆ್ಯಪು ತಕ್ಷಣ ಕೇಳಿದ್ದು, ಯಾವಾಗ? ತಾರೀಖು ಕೊಡಿ, ವೇಳೆ ಕೊಡಿ. "ಚಿಗುರು ತೆಗೆಯುವುದು" ಎಂದು ಬರೆದೆ. ಯಾವಾಗ? ನನಗೆ ರೇಗಿಹೋಯಿತು. ಛಾಟ್ನಿ ಯಾವಾಗ ಎಂದು ಆಕಾಶಕ್ಕೇ ಗೊತ್ತಿಲ್ಲದಾಗ ಚಿಗುರಿನ ತಾರೀಖನ್ನು ನಾನು ಎಲ್ಲಿಂದ ತರಲಿ?

ಆದರೂ ಹಟಕ್ಕೆ ಬಿದ್ದೆ. ಸಂಜೆ ಶಾಲೆಯಿಂದ ಬಂದು, ಕಟ್ಟೆಯ ಮೇಲೆ ಕೂತು, ಆ್ಯಪಿನ ಮೂಲೆ ಮೂಲೆ ಕೆದಕಿದೆ. ಒಂದು ಕೆಲಸ ಮುಗಿಸಿದ ದಿನದಿಂದ ಇಷ್ಟು ದಿನಕ್ಕೆ ಮತ್ತೆ ನೆನಪಿಸು ಎಂದು ಹೇಳುವ ಒಂದು ಜಾಗ ಸಿಕ್ಕಿತು. ಅದು ನನ್ನ ನೋಟುಬುಕ್ಕಿನ ಪದ್ಧತಿಯೇ. ಕೊನೆಯ ಸಲ ಮಾಡಿ ಎಷ್ಟು ದಿವಸವಾಯಿತು ಎಂದು ತೋರಿಸುವ ಒಂದು ಅಂಕಿಯನ್ನೂ ಪ್ರತಿ ಕೆಲಸದ ಮುಂದೆ ತರಿಸಿಕೊಂಡೆ. ಬಾವಿ ಪ್ಲಾಟಿಗೆ ಒಂದು ಪಟ್ಟಿ ಮಾಡಿ, ಅದನ್ನೇ ನಕಲು ಹೊಡೆದು ದಾರಿ ಪ್ಲಾಟಿಗೆ ಹಚ್ಚಿದೆ. ಮೊದಲ ದಿನಾಂಕ ಒಂದು ಕೊಟ್ಟರೆ ಉಳಿದವೆಲ್ಲ ತಾವೇ ಸರಿದು ತಮ್ಮ ಜಾಗದಲ್ಲಿ ಕೂರುತ್ತಿದ್ದವು. ಗಡುವು ಬರುವ ತನಕ ಹಸಿರು, ಬಂದರೆ ಕೆಂಪು. ಅಮಾವಾಸ್ಯೆಯ ದಿನ ನಮ್ಮ ಹೆಣ್ಣಾಳುಗಳ ತಂಡ ಕೆಲಸಕ್ಕೆ ಬರುವುದಿಲ್ಲ. ಆ್ಯಪು ಮಾಡಿದವರಿಗೆ ಇದು ತಿಳಿದಿರುವ ಸಂಭವ ಇರಲಿಲ್ಲವಾದ್ದರಿಂದ ವರ್ಷದ ಅಮಾವಾಸ್ಯೆಗಳನ್ನೆಲ್ಲ ಕ್ಯಾಲೆಂಡರ್ ನೋಡಿ ಕೈಯಾರೆ ತುಂಬಿದೆ.

ಇಷ್ಟಾದರೂ ಮೊದಲ ವಾರದಲ್ಲೇ ಜಗಳವಾಯಿತು. ಛಾಟ್ನಿಯ ಎರಡನೇ ದಿವಸ ಕಡ್ಡಿಯ ಮೇಲಿನ, ಚಿಗುರೊಡೆಯುವ ಕಣ್ಣುಗಳಿಗೆ ಪೇಸ್ಟ್ ಹಚ್ಚಬೇಕು. ಆಳುಗಳು ಬಂದು ತೋಟದಲ್ಲಿ ನಿಂತಿದ್ದಾರೆ, ಪೇಸ್ಟಿನ ಪುಡಿ ತೂಗಿಕೊಡಬೇಕಾದ ನಾನು ಅಡುಗೆ ಮನೆಯಲ್ಲಿ ಆರಾಮಾಗಿ ಚಪಾತಿ ಲಟ್ಟಿಸುತ್ತಿದ್ದೇನೆ. ನಮ್ಮಲ್ಲಿ ಗ್ರಾಂ ಲೆಕ್ಕದ ಪುಡಿಗಳನ್ನು ತೂಗಿ ನೀರಿನ ಪ್ರಮಾಣ ಹೇಳುವುದು ನನ್ನ ಕೆಲಸ. ಲೆಕ್ಕದ ವಿಷಯದಲ್ಲಿ ಯಜಮಾನರು ತಮ್ಮನ್ನು ತಾವೇ ನಂಬುವುದಿಲ್ಲ. ಅವರು ಬಾಗಿಲಲ್ಲಿ ನಿಂತು, "ಅಕ್ಕೋರ, ನಿಮ್ಮ ಫೋನ್ ಒಂದ್ ದಿವ್ಸ ನಿದ್ದಿ ಮಾಡಿದಂಗ ಕಾಣ್ತೈತಿ" ಅಂದರು. ನನ್ನನ್ನು ಚುಡಾಯಿಸಬೇಕೆಂದಾಗಲೆಲ್ಲ ಅವರು ಅಕ್ಕೋರ ಅನ್ನುತ್ತಾರೆ, ನಾನು ಅವರ ಮಾಸ್ತರಿಣಿ ಆದಂತೆ.

ನೋಡಿದರೆ ಆ್ಯಪು ಛಾಟ್ನಿಯ ದಿನವನ್ನು ಸೊನ್ನೆ ಎಂದು ಹಿಡಿದಿತ್ತು. ಮರುದಿನ ಒಂದು. ಸರಿಯಾಗಿಯೇ ಇದೆಯಲ್ಲ ಎಂದು ನಾನು ಹಿಟ್ಟಿನ ಕೈಯಲ್ಲೇ ಗೋಡೆಯ ಮೇಲೆ ಸಂಖ್ಯಾರೇಖೆ ಎಳೆದು ತೋರಿಸಿದೆ. ಅವರು ಆ ರೇಖೆಯನ್ನು ಒಂದು ಕ್ಷಣ ನೋಡಿದರು.

"ಮುಂಜಾನಿಂದ ಸಂಜಿತನಕ ಇಪ್ಪತ್ತ ಮಂದಿ ಕತ್ರಿ ಹಿಡಿದು ದುಡಿದಾರ. ಆ ದಿವ್ಸ ಸೊನ್ನಿ ಹೆಂಗ ಆಕ್ಕೈತಿ? ಅದ ಒಂದನೇ ದಿವ್ಸ. ನಮ್ಮಪ್ಪನೂ ಹಂಗ ಎಣಿಸ್ಯಾನ, ನಾನೂ ಹಂಗ ಎಣಿಸಾಂವ."

ನಾನು ಸೋತೆ. ಆ್ಯಪಿಗೆ ಛಾಟ್ನಿಯ ಹಿಂದಿನ ದಿನವನ್ನು ಕೊಟ್ಟು ಮೋಸ ಮಾಡಿದ ಮೇಲೆ ಎರಡೂ ಪ್ಲಾಟು ಸರಿಹೋದವು. ಉಳಿದ ಕೆಲಸಗಳಿಗೆ, ಗ್ಯಾಸು, ಟಾಕಿ ಇಂಥವಕ್ಕೆ, ಸೊನ್ನೆಯಿಂದಲೇ ನಡೆಯಲಿ, ಒಂದು ದಿವಸದಿಂದ ಏನು ಗಂಟು ಹೋಗುತ್ತದೆ ಎಂದು ಬಿಟ್ಟೆ. ಈ ಜಗಳವನ್ನು ಆ ವಾರ ಫೋನಿನಲ್ಲಿ ಅವ್ವನಿಗೆ ಹೇಳಿದಾಗ ಅವಳು ಬಿದ್ದು ಬಿದ್ದು ನಕ್ಕು, "ಅಳಿಯಾರು ಹೇಳೂದ ಖರೆ ಐತಿ ಬಿಡು" ಎಂದು ಅವರ ಪಕ್ಷ ವಹಿಸಿದಳು. ನನ್ನವ್ವ ನನ್ನ ಪಕ್ಷ ವಹಿಸಿದ್ದು ನನಗೆ ನೆನಪೇ ಇಲ್ಲ.

ಆ ಹಂಗಾಮು ಚೆನ್ನಾಗಿ ಹೋಯಿತು. ಮಾರ್ಚಿಗೆ ಕೊಯ್ಲು ಮುಗಿದು, ದ್ರಾಕ್ಷಿ ಒಣಗಿಸುವ ಶೆಡ್ಡೂ ಖಾಲಿಯಾದ ಮೇಲೆ, ಆ್ಯಪಿನಲ್ಲಿ ಇನ್ನೇನು ತುಂಬಲಿ ಎಂದು ಯೋಚಿಸುತ್ತ ಒಂದು ಭಾನುವಾರ ಕೂತಿದ್ದೆ. ಕೈ ಸುಮ್ಮನಿರಲಿಲ್ಲ. ಬೋರಿನ ಮೋಟರು, ಸೊಳ್ಳೆ ಪರದೆ ಒಗೆಯುವುದು, ತಲೆಗೆ ಬಣ್ಣ ಹಚ್ಚುವುದು ಎಲ್ಲ ಆದವು. ಆಮೇಲೆ "ಅವ್ವ" ಎಂದು ಬರೆದೆ. ಕೊನೆಯ ಸಲ ಯಾವಾಗ ಎಂದು ಆ್ಯಪು ಕೇಳಿತು.

ನೆನಪಾಗಲಿಲ್ಲ. ಫೋನಿನಲ್ಲಿ ಫೋಟೊ ಹುಡುಕಿದೆ. ಅವ್ವ ಎಳ್ಳು ಹುರಿಯುತ್ತಿದ್ದ ಒಂದು ಫೋಟೊ ಸಿಕ್ಕಿತು. ಅದರ ದಿನಾಂಕ ಕೊಟ್ಟೆ. ಪರದೆಯ ಮೇಲೆ ಎಪ್ಪತ್ನಾಲ್ಕು ಎಂದು ಬಂತು. ನೀರಿನ ಟಾಕಿಯನ್ನು ಅರವತ್ತಕ್ಕೆ ತಪ್ಪದೆ ತೊಳೆಯುವವಳು ನಾನು.

ಅವ್ವನಿಗೆ ಎಪ್ಪತ್ತಾರು ನಡೆಯುತ್ತಿತ್ತು. ಅವಳೇನು ಒಂಟಿಯಾಗಿಲ್ಲ. ತಮ್ಮ, ಅವನ ಹೆಂಡತಿ, ಮಕ್ಕಳು, ಎರಡು ಎಮ್ಮೆ, ಬಂದು ಹೋಗುವ ಮಂದಿ, ಆ ಮನೆಯಲ್ಲಿ ಗದ್ದಲಕ್ಕೆ ಬರವಿಲ್ಲ. ಅವಳಿಗೆ ನನ್ನಿಂದ ಏನೂ ಬೇಕಿರಲಿಲ್ಲ. ಬೇಕಿದ್ದದ್ದು ನನಗೆ. ಗಣಿತದವಳ ಬುದ್ಧಿ ಎಲ್ಲಿ ಸುಮ್ಮನಿರುತ್ತದೆ? ವರ್ಷಕ್ಕೆ ಐದು ಸಲ ಹೋಗುತ್ತೇನೆ, ಅವ್ವ ಇನ್ನು ಎಂಟು ವರ್ಷ ಗಟ್ಟಿಯಾಗಿರುತ್ತಾಳೆ ಎಂದಿಟ್ಟುಕೊಂಡರೆ, ಐದೆಂಟ್ಲಿ ನಲವತ್ತು. ಮಗ್ಗಿ ಬರುವ ಮಗುವೂ ಮಾಡುವ ಲೆಕ್ಕ. ಇನ್ನು ನಲವತ್ತು ಸಲ ಅವ್ವನನ್ನು ನೋಡುತ್ತೇನೆ, ಅಷ್ಟೇ. ಎದ್ದು ಹೋಗಿ ಮುಖ ತೊಳೆದುಕೊಂಡು ಬಂದೆ.

ಅವ್ವನಿಗೆ ಹದಿನೈದು ದಿವಸದ ಗಡುವು ಹಾಕಿದೆ. ಯಜಮಾನರು ನನ್ನ ಹೆಗಲ ಮೇಲಿಂದ ಪರದೆ ನೋಡಿ, ಬಾವಿ ಪ್ಲಾಟು, ದಾರಿ ಪ್ಲಾಟು, ಅವ್ವ ಎಂದು ಓದಿದರು. "ಅತ್ತಿಯಾರನ್ನೂ ಪ್ಲಾಟ್ ಮಾಡಿದ್ಯಾ? ಇನ್ನ ಡ್ರಿಪ್ ಹಾಕೂದೊಂದ ಬಾಕಿ" ಅಂದರು. ನಕ್ಕೆ. ಆದರೆ ಆ ಬೇಸಿಗೆಯಿಂದ ಸಪ್ಟೆಂಬರಿನತನಕ ಒಂದು ಸಲವೂ ಕೆಂಪಾಗಲು ಬಿಡಲಿಲ್ಲ. ಅಥಣಿಯಿಂದ ಹೊಳೆ ದಾಟಿ, ರಾಯಬಾಗದ ಮೇಲೆ ಚಿಕ್ಕೋಡಿಗೆ ಒಂದು ಬಸ್ಸು, ಅಲ್ಲಿಂದ ಕರೋಶಿಗೆ ಇನ್ನೊಂದು. ಹೋಗಿ ಮಾಡುವುದೇನಿಲ್ಲ. ಅವ್ವ ನನ್ನ ಮುಂಗೈ ಹಿಡಿದು ನೋಡಿ "ಸೊರಗೀದಿ" ಅನ್ನುತ್ತಾಳೆ, ನಾನು ಐವತ್ತು ದಾಟಿ ದಪ್ಪಗಾಗಿದ್ದರೂ. ಶೇಂಗಾ ಹೋಳಿಗೆ ಮಾಡುತ್ತಾಳೆ. ಕಟ್ಟೆಯ ಮೇಲೆ ಇಬ್ಬರೂ ಕೂತು ಹೋಗುವವರನ್ನು ಬರುವವರನ್ನು ನೋಡುತ್ತೇವೆ. ಸಂಜೆಯ ಬಸ್ಸಿಗೆ ಹೊಳ್ಳಿ ಬರುತ್ತೇನೆ. ಬಂದು ಅವ್ವನ ಮುಂದಿನ ಚೌಕಕ್ಕೆ ಟಿಕ್ ಹಾಕಿದರೆ ಅಂಕಿ ಸೊನ್ನೆಯಾಗಿ ಮತ್ತೆ ಏರತೊಡಗುತ್ತಿತ್ತು.

ಅಂಥ ಕೊನೆಯ ಭೇಟಿ ಹೋದ ವರ್ಷದ ಛಾಟ್ನಿಗೆ ಮುಂಚಿನ ಭಾನುವಾರ. ಹೊರಟಾಗ ಅವ್ವ ಕೇಳಿದಳು, "ಈ ಸಲ ಛಾಟ್ನಿ ಯಾವಾಗ?" ಬಾವಿ ಪ್ಲಾಟಿಗೆ ಗುರುವಾರ, ದಾರಿ ಪ್ಲಾಟಿಗೆ ಅದರ ಮುಂದಿನ ಸೋಮವಾರ ಎಂದೆ. ಅವಳು ತಲೆಯಾಡಿಸಿ, ಹೋಳಿಗೆಯ ಡಬ್ಬಿಯನ್ನು ನನ್ನ ಚೀಲಕ್ಕೆ ತುರುಕಿದಳು.

ದಸರಾ ರಜೆ ನಮ್ಮಲ್ಲಿ ಛಾಟ್ನಿಯ ಪಾಲಿಗೆ ಬರೆದಿಟ್ಟದ್ದು. ಹದಿನೈದನೇ ದಿವಸ ಅವ್ವನ ಸಾಲು ಕೆಂಪಾಯಿತು. ಅವತ್ತು ಬಾವಿ ಪ್ಲಾಟಿನಲ್ಲಿ ಚಿಗುರು ಹೊರಟಿತ್ತು, ಮೇಲೆ ಮೋಡ ಕವಿದಿತ್ತು, ಎಳೆ ಚಿಗುರಿಗೆ ಮೋಡ ಬಂದರೆ ಬೂಜು. ಮುಂಜಾನೆಯಿಂದ ಔಷಧ ತೂಗಿ ತೂಗಿ ಕೊಟ್ಟೆ. ಸಂಜೆ ಅವ್ವನಿಗೆ ಫೋನು ಮಾಡಿದೆ.

"ಇವತ್ತ ಎಷ್ಟನೇ ದಿವ್ಸ?" ಅಂದಳು, ಎತ್ತಿದ ಕೂಡಲೇ.

"ಬಾವಿ ಪ್ಲಾಟಿಗೆ ಹನ್ನೆರಡು, ದಾರಿ ಪ್ಲಾಟಿಗೆ ಎಂಟು. ನಾಳಿಗಿ ಬರಬೇಕಂತ ಇದ್ನಿ ಬೇ."

"ಬ್ಯಾಡ ಬ್ಯಾಡ. ಮಾಡ ಹಾಕೇತಿ, ಈಗ ತ್ವಾಟ ಬಿಟ್ಟ ಬರಬ್ಯಾಡ."

ಇಪ್ಪತ್ತು ನಿಮಿಷ ಮಾತಾಡಿದೆವು. ಎಮ್ಮೆ ಈದದ್ದು, ಪಕ್ಕದ ಮನೆಯ ಜಗಳ, ಅವಳ ಮೊಣಕಾಲು. ಹೋಗಿದ್ದರೂ ಇದನ್ನೇ ಮಾತಾಡುತ್ತಿದ್ದೆವಲ್ಲ ಎಂದುಕೊಂಡೆ. ಅವಳೇ ಬೇಡ ಅಂದಿದ್ದಾಳೆ. ಫೋನು ಇಟ್ಟು, ಆ್ಯಪು ತೆಗೆದು, ಅವ್ವನ ಚೌಕಕ್ಕೆ ಟಿಕ್ ಹಾಕಿಬಿಟ್ಟೆ. ಕೆಂಪು ಹೋಗಿ ಹಸಿರು ಬಂತು. ಹಗುರಾಯಿತು. ಕ್ಲಾಸಿನಲ್ಲಿ ಯಾರಾದರೂ ತಮ್ಮ ಉತ್ತರಪತ್ರಿಕೆಗೆ ತಾವೇ ರೈಟ್ ಹಾಕಿಕೊಂಡರೆ ನಾನು ಕಿವಿ ಹಿಂಡದೆ ಬಿಡುವವಳಲ್ಲ.

ಮೊದಲನೆಯದು ಕಷ್ಟ, ಆಮೇಲೆ ರೂಢಿ. ಎರಡನೆಯ ಸಲ ಎರಡು ದಿನ ಕೆಂಪಾಗಿಯೇ ಇಟ್ಟು ಒದ್ದಾಡಿ ಆಮೇಲೆ ಫೋನಿನ ಮೇಲೆ ಟಿಕ್ ಹಾಕಿದೆ. ಮೂರನೆಯ ಸಲ ಒದ್ದಾಡಲಿಲ್ಲ. ನಡುವೆ ದೀಪಾವಳಿಗೆ ತಮ್ಮನೇ ಫರಾಳದ ತಿಂಡಿಯ ಡಬ್ಬಿ ಹಿಡಿದು ಬಂದು ಹೋದ. ಅವ್ವನಿಗೆ ಬಸ್ಸು ಆಗಿಬರುವುದಿಲ್ಲ, ಚಿಕ್ಕೋಡಿ ಮುಟ್ಟುವಷ್ಟರಲ್ಲಿ ವಾಂತಿ. ಫೋನು ಮಾಡಿದಾಗಲೆಲ್ಲ ಅವಳ ಮೊದಲ ಪ್ರಶ್ನೆ ಒಂದೇ, ಎಷ್ಟನೇ ದಿವಸ. ಅಳಿಯನ ತೋಟದ ಮೇಲೆ ಎಷ್ಟು ಕಾಳಜಿ ಎಂದು ನಾನು ಒಮ್ಮೊಮ್ಮೆ ಒಳಗೊಳಗೇ ಉರಿದುಕೊಂಡದ್ದೂ ಉಂಟು.

ಐವತ್ತರ ಆಸುಪಾಸಿನ ದಿವಸಗಳು ಬಂದವು. ಹೆಣ್ಣಾಳುಗಳ ತಂಡ ಮುಂಜಾನೆಯೇ ಬಂದು, ಕೈಯಲ್ಲಿ ಒಂದೊಂದು ಪ್ಲಾಸ್ಟಿಕ್ ಮಗ್ ಹಿಡಿದು ಸಾಲು ಸಾಲಾಗಿ ಬಳ್ಳಿಯ ಕೆಳಗೆ ಸರಿಯುತ್ತಾರೆ. ಮಗ್ ಎತ್ತಿ ಗೊನೆಯನ್ನು ಪೂರ್ತಿ ಔಷಧದಲ್ಲಿ ಮುಳುಗಿಸಿ ಬಿಡುವುದು, ಮುಂದಿನ ಗೊನೆ, ಮತ್ತೆ ಮುಂದಿನದು. ಪುಡಿ ಒಂದು ಗ್ರಾಂ ಹೆಚ್ಚು ಕಡಿಮೆಯಾದರೆ ಇಡೀ ಪ್ಲಾಟು ಕೆಡುತ್ತದೆ. ಶಾಲೆಗೆ ಹೋಗುವ ಮುಂಚೆ ತೂಗಿಟ್ಟು, ಬಂದ ಮೇಲೆ ಮತ್ತೆ ತೂಗಿ, ನನ್ನ ಬೆರಳುಗಳಿಗೆಲ್ಲ ಅದರ ವಾಸನೆ ಅಂಟಿತ್ತು. ಆಮೇಲೆ ಗೊನೆಯಲ್ಲಿ ಒತ್ತಾಗಿ ಬೆಳೆದ ದ್ರಾಕ್ಷಿ ಕಾಳು ಬಿಡಿಸುವ ಕೆಲಸ. ದಾರಿ ಪ್ಲಾಟಿನ ಎಪ್ಪತ್ತಮೂರನೇ ದಿವಸ, ಬುಧವಾರ, ಅದೂ ಮುಗಿಯಿತು. ಆ ಸಂಜೆ ಅವ್ವನಿಗೆ ಫೋನು ಮಾಡಿ ಕೆಲಸ ಮುಗಿದದ್ದನ್ನು ಹೇಳಿದೆ, ಐದನೆಯ ಸಲ ಟಿಕ್ ಹಾಕಿದೆ.

ಇನ್ನು ಏಳೆಂಟು ದಿವಸ ಕಾಳಿನಲ್ಲಿ ನೀರು ತುಂಬುವ ಹೊತ್ತು, ನಾವು ಸುಮ್ಮನೆ ನೋಡುತ್ತ ಇರಬೇಕು. ನೂರಾಮೂವತ್ತು ದಿವಸದಲ್ಲಿ ನಮಗೆ ಪೂರ್ತಿ ಒಂದು ವಾರದ ಬಿಡುವು ಅಂತ ಸಿಗುವುದು ಆಗ ಮಾತ್ರ. ಭಾನುವಾರ ತಲೆಗೆ ಎರೆದುಕೊಂಡೆ, ಊಟ ಮಾಡಿ ಎರಡು ತಾಸು ಮಲಗಿದೆ. ಎದ್ದು ಚಹ ಕುಡಿಯುತ್ತ ಆ್ಯಪು ತೆರೆದೆ. ಎಲ್ಲ ಹಸಿರು. ಅವ್ವನ ಮುಂದೆ ನಾಲ್ಕು ಎಂದಿತ್ತು. ಇನ್ನೂ ಹನ್ನೊಂದು ದಿವಸ ಇದೆಯಲ್ಲ ಎಂದು ಫೋನು ಮುಚ್ಚಿಟ್ಟು ಟೆಸ್ಟ್ ಪೇಪರ್ ತಿದ್ದಲು ಕೂತೆ.

ಸೋಮವಾರ ಸಂಜೆ ತಮ್ಮನ ಹೆಂಡತಿ ಫೋನು ಮಾಡಿದಳು.

"ಅಕ್ಕಾರ, ಎಲ್ಲಾರೂ ಆರಾಮ ಅದೀರಿಲ್ಲರಿ? ನಿನ್ನೆ ಯಾಕ ಬರ್ಲಿಲ್ಲ?"

"ನಿನ್ನೆ? ನಾ ಬರ್ತೀನಂತ ಹೇಳಿದ್ದಿಲ್ಲಲ್ಲ."

"ಹೇಳಿದ್ದಿಲ್ಲೇನ್ರಿ? ಅತ್ತಿ ಮುಂಜಾನೆದ್ದು ಹೋಳಿಗಿ ಮಾಡ್ಯಾರ. ಎಪ್ಪತ್ತೇಳನೇ ದಿವ್ಸ ಐತಿ, ಐತಾರ ಬ್ಯಾರೆ, ಅಕಿ ಬರ್ತಾಳ ಅಂದ್ರು. ಬಸ್ಸಿನ ಹೊತ್ತಿಗೆಲ್ಲಾ ಕಟ್ಟಿ ಮ್ಯಾಲ ಕುಂತಾರ. ಸಂಜಿಗಿ ನಾ ಫೋನ್ ಹಚ್ತೀನಂದ್ರ ಹಚ್ಚಗೊಡಲಿಲ್ಲ. ಏನೋ ಕೆಲಸ ಬಂದಿರಬೇಕು, ಅಕಿಗಿ ತ್ರಾಸ ಕೊಡಬ್ಯಾಡ ಅಂದ್ರು."

 ನಾಳೆ ಬರುತ್ತೇನೆ ಎಂದು ಹೇಳಿದೆ. ಯಜಮಾನರಿಗೆ ಹೇಳಿದಾಗ ಅವರು ಚುಡಾಯಿಸಲಿಲ್ಲ. "ನಾಳಿಗಿ ಎಪ್ಪತ್ತೊಂಬತ್ತು. ನಿಂದೇನೂ ಕೆಲಸ ಇಲ್ಲ, ಹೋಗಿ ಬಾ" ಅಂದರು.

ಮಂಗಳವಾರ ರಜೆ ಹಾಕಿ ಮೊದಲ ಬಸ್ಸು ಹಿಡಿದೆ. ಕಬ್ಬಿನ ಹಂಗಾಮು, ದಾರಿಯುದ್ದಕ್ಕೂ ಜೋಡಿ ಟ್ರೇಲರಿನ ಟ್ರ್ಯಾಕ್ಟರುಗಳು; ಹೊಳೆಯ ಸೇತುವೆ ದಾಟುವುದಕ್ಕೇ ಅರ್ಧ ತಾಸು ಹಿಡಿಯಿತು. ಕರೋಶಿಯಲ್ಲಿ ಇಳಿದಾಗ ಅವ್ವ ಅಂಗಳದಲ್ಲಿ ಕಾಳು ಹಸನು ಮಾಡುತ್ತಿದ್ದಳು. ನನ್ನನ್ನು ನೋಡಿ ಮೊರ ಕೆಳಗಿಟ್ಟಳು.

"ಸಾಳಿ ಸೂಟಿ ಐತೇನ? ಎಲ್ಲಾ ಆರಾಮ ಅದೀರಿಲ್ಲೋ?" ಅಂದಳು. ಆಮೇಲೆ ನನ್ನ ಮುಂಗೈ ಹಿಡಿದು, "ಸೊರಗೀದಿ" ಅಂದಳು.

ಚೀಲ ಇಡಲು ಅವಳ ಕೋಣೆಗೆ ಹೋದೆ. ಗೋಡೆಯ ಮೇಲೆ ಸಹಕಾರಿ ಸಂಘದವರು ಕೊಟ್ಟ ಕ್ಯಾಲೆಂಡರು. ಪ್ರತಿ ತಾರೀಖಿನ ಮನೆಯ ಮೂಲೆಯಲ್ಲಿ ಪೆನ್ನಿನಿಂದ ಒಂದು ಅಂಕಿ ಬರೆದಿತ್ತು, ಕನ್ನಡ ಅಂಕಿ. ಅವ್ವ ಎರಡನೇ ಇಯತ್ತೆಯ ತನಕ ಕಲಿತವಳು, ಅವಳ ನಾಲ್ಕು ಯಾವಾಗಲೂ ಒಂದು ಕಡೆಗೆ ವಾಲುತ್ತದೆ. ಅವತ್ತಿನ ಮನೆಯಲ್ಲಿ ೭೯ ಎಂದಿತ್ತು. ಪುಟ ಹಿಂದಕ್ಕೆ ಮಗುಚಿದೆ. ನವೆಂಬರು, ಅಕ್ಟೋಬರು, ಒಂದು ದಿನವೂ ಬಿಟ್ಟಿರಲಿಲ್ಲ. ಒಂದನೇ ದಿವಸ ಎಂದು ಬರೆದದ್ದು ಸೋಮವಾರ, ದಾರಿ ಪ್ಲಾಟಿನ ಛಾಟ್ನಿಯ ದಿನ. ಇಪ್ಪತ್ತೆಂಟರಿಂದ ಮೂವತ್ತೆರಡರ ತನಕ ಒಂದು ಗೆರೆ ಸುತ್ತಿದ್ದಳು. ಎಪ್ಪತ್ತನಾಲ್ಕರಿಂದ ಎಂಬತ್ತರ ತನಕ ಇನ್ನೊಂದು. ಅಮಾವಾಸ್ಯೆಗಳಿಗೂ ಒಂದೊಂದು ಚುಕ್ಕೆ.

ಅವ್ವ ಬಂದು ಹಿಂದೆ ನಿಂತಿದ್ದು ಗೊತ್ತಾಗಲಿಲ್ಲ.

"ಇದೇನ ಬೇ?" ಅಂದೆ.

"ಫೋನಿನ್ಯಾಗ ನೀನ ಹೇಳ್ತಿದ್ದಿ, ಬರದಿಟ್ನಿ. ಬಾವಿ ಪ್ಲಾಟ್ ಮುಗದ್ರೂ ದಾರಿ ಪ್ಲಾಟ್ ಇರ್ತೈತಿ, ಅದಕ ದಾರಿ ಪ್ಲಾಟಿನ ದಿವ್ಸ ಎಣಸೂದು. ಗೆರಿ ಹೊಡದದ್ದು ನಿನಗ ಸ್ವಲ್ಪ ಪುರಸತ್ತ ಇರೂ ದಿವ್ಸ. ಉಳದ ದಿವ್ಸ ಬಾ ಅಂತ ಅನಬಾರದಲ್ಲ, ನೀ ಬಂದರ ಅಲ್ಲಿ ತ್ವಾಟ ಕೆಡತೈತಿ."

ಅವ್ವ ನಮ್ಮ ತೋಟವನ್ನು ನೋಡಿದ್ದು ನನ್ನ ಮದುವೆಯ ವರ್ಷ ಒಂದೇ ಸಲ. ಆಗ ಅಲ್ಲಿ ದ್ರಾಕ್ಷಿಯೇ ಇರಲಿಲ್ಲ, ಜೋಳ ಇತ್ತು. ಅವಳಿಗೆ ತೋಟದ ಚಿಂತೆ ಅಂತ ನಾನು ಉರಿದುಕೊಂಡಿದ್ದೆ. ಅವಳು ಎಣಿಸುತ್ತಿದ್ದದ್ದು ನಾನು ಯಾವಾಗ ಬರಬಹುದು ಎಂಬುದನ್ನು. ಮೊದಲ ಗೆರೆಯ ಐದು ದಿವಸಗಳಲ್ಲಿ ನಾನು ಏನು ಮಾಡುತ್ತಿದ್ದೆ ಎಂದು ಯೋಚಿಸಿದೆ. ನನಗೆ ಬಿಡುವಿತ್ತು. ಆಗ ಆ್ಯಪು ಹಸಿರಾಗಿತ್ತು, ಹಾಗಾಗಿ ಹೋಗಬೇಕೆಂದು ಹೊಳೆದಿರಲಿಲ್ಲ. ನನಗೆ ನನ್ನ ಮೇಲೆ ಎಂಥ ಸಿಟ್ಟು ಬಂತೆಂದರೆ, ಕ್ಯಾಲೆಂಡರಿಗೆ ಮುಖ ಮಾಡಿ ನಿಂತು ಅತ್ತುಬಿಟ್ಟೆ. ಅವ್ವ ಗಾಬರಿಯಾಗಿ ಅಳಿಯನಿಗೆ ಏನಾಯಿತು ಎಂದು ಕೇಳತೊಡಗಿದಳು.

ಅವಳನ್ನು ಕೂಡಿಸಿಕೊಂಡು ಎಲ್ಲ ಹೇಳಿದೆ. ಫೋನು ತೆಗೆದು ಅವಳ ಸಾಲನ್ನು ತೋರಿಸಿದೆ. ಆರನೇ ದಿವಸ, ಹಸಿರು. ಅದು ಸುಳ್ಳು ಎಂದೆ. ಐದು ಸಲದ ಸುಳ್ಳು ಟಿಕ್ಕುಗಳನ್ನು ಒಂದೊಂದಾಗಿ ಅಳಿಸಿ, ನಿಜವಾಗಿ ಬಂದು ಹೋದ ಆ ಭಾನುವಾರವನ್ನು ಕೊಟ್ಟೆ. ಎಂಬತ್ತಾರು ಎಂದು ಬಂತು, ಕಡು ಕೆಂಪು.

ಅವ್ವ ಕನ್ನಡಕ ಏರಿಸಿಕೊಂಡು ನೋಡಿದಳು. "ನಂದೂ ಛಾಟ್ನಿಗತೆ ಎಣಿಸೀಯೇನ? ಹಂಗಾರ ನನ್ನ ಕೊಯ್ಲ ಎಷ್ಟನೇ ದಿವ್ಸಕ್ಕ?"

ಅವಳು ನಗುತ್ತಿದ್ದಳು. ನನಗೆ ಆ ನಲವತ್ತು ಸಲದ ಲೆಕ್ಕ ನೆನಪಾಯಿತು. ಈ ಒಂದು ಹಂಗಾಮಿನಲ್ಲಿ ಅದರಲ್ಲಿ ಎಷ್ಟನ್ನು ಫೋನಿನಲ್ಲಿ ಮುಗಿಸಿದ್ದೆ ಎಂದು ಅವಳಿಗೆ ಹೇಳಲಿಲ್ಲ. ಇನ್ನು ಮೇಲೆ ಈ ಚೌಕವನ್ನು ನಾನು ಒತ್ತುವುದಿಲ್ಲ, ನಾನು ಇಲ್ಲಿಗೆ ಬಂದಾಗ ನೀನೇ ಒತ್ತಬೇಕು ಎಂದು ಹೇಳಿ ಫೋನನ್ನು ಅವಳ ಮುಂದೆ ಹಿಡಿದೆ. ಕಾಳಿನ ಧೂಳು ಹತ್ತಿದ ಬೆರಳಿಗೆ ಪರದೆ ಓಗೊಡಲಿಲ್ಲ. ಸೀರೆಗೆ ಬೆರಳು ಒರೆಸಿಕೊಂಡು ಮತ್ತೆ ಒತ್ತಿದಳು. ಕೆಂಪು ಹೋಯಿತು.

"ಸೊನ್ನಿ ಯಾಕ ತೋರಸಾಕತ್ತೇತಿ?" ಅಂದಳು.

"ಬಂದ ದಿವ್ಸ ಸೊನ್ನಿ ಬೇ. ನಾಳಿಂದ ಎಣಸ್ತೈತಿ."

"ಮುಂಜಾನೆದ್ದು ಎರಡ ಬಸ್ ಹತ್ತಿ ಬಂದೀದಿ. ನನ್ನ ಮುಂದ ಕುಂತೀದಿ. ಈ ದಿವ್ಸ ಸೊನ್ನಿ ಹೆಂಗ ಆಕ್ಕೈತಿ?"

ನಾನು ಆ್ಯಪಿಗೆ ಹಿಂದಿನ ದಿನದ ತಾರೀಖು ಕೊಟ್ಟೆ. ಅವ್ವ ಪರದೆಯ ಮೇಲಿನ ಅಂಕಿಯನ್ನು ನೋಡಿ ಒಪ್ಪಿದಳು. ಆಮೇಲೆ ಎದ್ದು, ಕ್ಯಾಲೆಂಡರಿಗೆ ದಾರದಿಂದ ಕಟ್ಟಿದ್ದ ಪೆನ್ನು ತೆಗೆದುಕೊಂಡು, ಎಪ್ಪತ್ತೊಂಬತ್ತರ ಪಕ್ಕದಲ್ಲಿ ಒಂದು ಎಂದು ಬರೆದಳು.